ಹಾಡಿನ ಬೆನ್ನು ಹತ್ತಿದವರು

‘ರಾಗ’ ಎಂಬ ಒಂದೇ ಶಬ್ದ ಎರಡು ಅರ್ಥಗಳನ್ನು ಹೊತ್ತಿರುವುದು ವಿಚಾರಾರ್ಹ ಸಂಗತಿ. ಸ್ವರವಿನ್ಯಾಸದಿಂದ ಕೇಳುವವನ ಚಿತ್ತವನ್ನು ರಂಜಿಸುವುದು ಸಂಗೀತದ ರಾಗ. ಚಿತ್ತವನ್ನು ಪರವಸ್ತುವಿಗೆ ಅಂಟಿಸಿ ಆತ್ಮನಿಗೆ ಬಂಧನ ತರುವುದು ಕರ್ಮಸಿದ್ಧಾಂತದ ರಾಗ. ಎರಡರ ಧಾತುವೂ ಒಂದೇ, ಬಣ್ಣಗೊಳಿಸುವುದು ಎಂಬ ಮೂಲಾರ್ಥವೂ ಒಂದೇ. ಜೈನಾಚಾರ್ಯರು ಸಂಗೀತವನ್ನು ತಿರಸ್ಕರಿಸಿದವರಲ್ಲ. ಸಮವಸರಣದಲ್ಲಿ ದೇವದುಂದುಭಿ ಮೊಳಗುತ್ತದೆ, ಜನ್ಮಾಭಿಷೇಕದಲ್ಲಿ ಸ್ವತಃ ಇಂದ್ರನೇ ನರ್ತಿಸುತ್ತಾನೆ, ಬಸದಿಗಳ ಪೂಜಾವಿಧಿಗಳು ಹಾಡಿಲ್ಲದೆ ನಡೆಯುವುದಿಲ್ಲ. ಆದರೂ ಇಂದ್ರಿಯಾಸಕ್ತಿಗೆ ದೃಷ್ಟಾಂತ ಕೊಡುವಾಗ ಆನೆ, ಮೀನು, ದುಂಬಿ, ಪತಂಗಗಳ ಜೊತೆಗೆ ಬೇಟೆಗಾರನ ಗಾನಕ್ಕೆ ಕಿವಿಗೊಟ್ಟು ನಿಂತು ಬಲೆಗೆ ಬಿದ್ದ ಜಿಂಕೆಯನ್ನು ಅವರು ಮರೆಯಲಿಲ್ಲ.

ಕನ್ನಡದ ಜೈನಕವಿಗಳಲ್ಲಿ ಈ ವಿಷಯವನ್ನು ಜನ್ನನಷ್ಟು ನಿರ್ದಾಕ್ಷಿಣ್ಯವಾಗಿ ಕಂಡವರು ವಿರಳ. 1209ರ ಸುಮಾರಿಗೆ ರಚಿತವಾದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿಯ ಪತನ ಕಣ್ಣಿನಿಂದ ಆರಂಭವಾಗುವುದಿಲ್ಲ, ಕಿವಿಯಿಂದ ಆರಂಭವಾಗುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಗಜಶಾಲೆಯ ಕಡೆಯಿಂದ ಒಂದು ಹಾಡು ಕೇಳಿಬರುತ್ತದೆ. ಹಾಡುವವನು ಯಾರೆಂದು ಆಕೆಗೆ ತಿಳಿಯದು. ದೂತಿ ಹೋಗಿ ನೋಡಿ, ಅಂಗಾಂಗಗಳೆಲ್ಲ ವಿಕಾರವಾದ ಮಾವುತ ಅಷ್ಟಾವಂಕನ ರೂಪವನ್ನು ಹೇಸಿಗೆಯಿಂದ ವರ್ಣಿಸಿದರೂ ರಾಣಿಯ ಮನಸ್ಸು ಹಿಂದೆಗೆಯುವುದಿಲ್ಲ. ಮುಂದೆ ಒಂದು ರಾತ್ರಿ ತಡವಾಗಿ ಬಂದುದಕ್ಕಾಗಿ ಅವನು ಹೊಡೆದಾಗಲೂ ಆಕೆ ಅವನ ಕಾಲು ಹಿಡಿಯುತ್ತಾಳೆ. ಈ ಕಥೆಯನ್ನು ಶೀಲಭ್ರಷ್ಟತೆಯ ಕಥೆಯೆಂದು ಓದುವುದು ರೂಢಿ. ಅದಕ್ಕಿಂತ ಹಿಂದಿನ ಹೆಜ್ಜೆಯೊಂದು ಅಲ್ಲಿದೆ. ಹಾಡು ಕೇಳಿದ ಕ್ಷಣದಲ್ಲಿ ಅಮೃತಮತಿ ತಪ್ಪೇನನ್ನೂ ಮಾಡಿರಲಿಲ್ಲ. ಹಾಡು ಮುಗಿದ ಮೇಲೆ ಹಾಡಿದವನು ಬೇಕು ಎನಿಸಿತಲ್ಲ, ಅಲ್ಲಿ ಬಂಧ ಆರಂಭವಾಯಿತು.

ಹಾಡನ್ನು ಬಿಟ್ಟು ಹಾಡುವವನ ಹಿಂದೆ ಹೋಗುವ ಈ ಪ್ರವೃತ್ತಿ ಕಳೆದ ಕೆಲವು ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಒಂದು ಜೀವನಕ್ರಮವಾಗಿಯೇ ಬೆಳೆದಿದೆ. ತಾವೇ ಹಾಡು ಬರೆದು ತಾವೇ ಹಾಡುವ ಗಾಯಕರು ಊರಿಂದ ಊರಿಗೆ ಸಂಚಾರ ಹೊರಟರೆ, ಅವರೊಡನೆ ಅಭಿಮಾನಿಗಳೂ ಹೊರಡುತ್ತಾರೆ. ಒಂದು ಊರಿನ ಕಚೇರಿ ಮುಗಿದ ರಾತ್ರಿಯೇ ಮುಂದಿನ ಊರಿಗೆ ರೈಲೋ ವಿಮಾನವೋ ಹತ್ತುತ್ತಾರೆ. ಭಾರತದ ಮನೆಗಳಿಗೂ ಇದು ದೂರದ ಸುದ್ದಿಯಾಗಿ ಉಳಿದಿಲ್ಲ. 2024ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಸಿಂಗಪುರದಲ್ಲಿ ಆರು ದಿನ ಹಾಡಿದಾಗ, ಆಕೆಯ ಸಂಚಾರದಲ್ಲಿ ಭಾರತ ಸೇರಿರಲಿಲ್ಲವಾದ ಕಾರಣ, ಇಲ್ಲಿಂದಲೂ ಯುವಜನರು ಅಲ್ಲಿಗೆ ಹೋದರು. ಮಕ್ಕಳು ಇಂಥದಕ್ಕೆ ಹಣ ಕೇಳಿದಾಗ ಶ್ರಾವಕ ತಂದೆತಾಯಿಗಳ ಉತ್ತರ ಬಹುಮಟ್ಟಿಗೆ ಸಿದ್ಧವಾಗಿರುತ್ತದೆ: ಇದು ಹುಚ್ಚು, ಇದು ದುಂದು. ಆ ಉತ್ತರ ಪೂರ್ಣ ಸುಳ್ಳಲ್ಲ. ಆದರೆ ಧರ್ಮಶಾಸ್ತ್ರದ ದೃಷ್ಟಿಯಿಂದ ಅದು ತೀರ ಅಪೂರ್ಣ. ಹುಚ್ಚು ಯಾವುದರಲ್ಲಿದೆ ಎಂಬುದನ್ನು ಅದು ಹೇಳುವುದಿಲ್ಲ.

ವಿಚಾರಕ್ಕೆ ತೆಗೆದುಕೊಳ್ಳಲು ಅತ್ಯಂತ ದೀರ್ಘವಾದ ಉದಾಹರಣೆ ಬಾಬ್ ಡಿಲನ್ ಅವರದು. 1941ರಲ್ಲಿ ಅಮೆರಿಕದ ಮಿನ್ನೆಸೋಟ ಪ್ರಾಂತ್ಯದಲ್ಲಿ ಜನಿಸಿದ ಈ ಕವಿ-ಗಾಯಕರಿಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ದೊರೆಯಿತು. 1988ರ ಜೂನ್ 7ರಂದು ಕ್ಯಾಲಿಫೋರ್ನಿಯಾದ ಕಾಂಕರ್ಡ್ ಎಂಬ ಊರಿನಲ್ಲಿ ಅವರು ಆರಂಭಿಸಿದ ಸಂಚಾರ ವರ್ಷಕ್ಕೆ ಸುಮಾರು ನೂರು ಕಚೇರಿಗಳಂತೆ ಮುಂದುವರಿಯುತ್ತಲೇ ಹೋಯಿತು. ಜನರು ಅದಕ್ಕೆ ‘ಎಂದೂ ಮುಗಿಯದ ಸಂಚಾರ’ ಎಂದು ಹೆಸರಿಟ್ಟರು. 1993ರ ತಮ್ಮ ಧ್ವನಿಮುದ್ರಿಕೆಯೊಂದರ ಟಿಪ್ಪಣಿಯಲ್ಲಿ ಡಿಲನ್ ಆ ಹೆಸರನ್ನು ಗೇಲಿ ಮಾಡಿದರು. ಹೆಸರು ಮಾತ್ರ ಹೋಗಲಿಲ್ಲ. 2019ರ ಕೊನೆಯ ವೇಳೆಗೆ ಕಚೇರಿಗಳ ಸಂಖ್ಯೆ ಮೂರು ಸಾವಿರವನ್ನು ದಾಟಿತ್ತು. ಮಹಾಮಾರಿಯ ಕಾಲದಲ್ಲಿ ನಿಂತ ಸಂಚಾರ 2021ರ ನವೆಂಬರ್ 2ರಂದು ಮಿಲ್ವಾಕಿ ನಗರದಲ್ಲಿ ಪುನಃ ಆರಂಭವಾಯಿತು. ಎಂಬತ್ತು ದಾಟಿದ ವಯಸ್ಸಿನಲ್ಲಿ ಡಿಲನ್ ಆ ಬಳಿಕವೂ ವರ್ಷವರ್ಷವೂ ಸಂಚರಿಸಿದ್ದಾರೆ.

ಈ ಸಂಚಾರದ ಬೆನ್ನಿಗೆ ಹೋದವರಲ್ಲಿ ನೂರಾರು ಕಚೇರಿಗಳನ್ನು ಕೇಳಿದವರಿದ್ದಾರೆ. ಅವರನ್ನು ಎಳೆದೊಯ್ದುದು ಏನು? ಒಂದೇ ಹಾಡನ್ನು ಡಿಲನ್ ಒಂದೇ ಬಗೆಯಲ್ಲಿ ಹಾಡುವುದಿಲ್ಲ ಎಂಬುದೇ ಮುಖ್ಯ ಕಾರಣ. ಮಟ್ಟು ಬದಲಾಗುತ್ತದೆ, ಲಯ ಬದಲಾಗುತ್ತದೆ, ಕೆಲವೊಮ್ಮೆ ಸಾಹಿತ್ಯವೇ ಬದಲಾಗುತ್ತದೆ; ಚಿರಪರಿಚಿತವಾದ ಹಾಡು ಅರ್ಧ ಮುಗಿದ ಮೇಲೆ ಸಭಿಕರಿಗೆ ಇದು ಇಂಥ ಹಾಡೆಂದು ಗುರುತು ಸಿಗುವುದೂ ಉಂಟು. ಆದ್ದರಿಂದ ನಿನ್ನೆ ಕೇಳಿದವನಿಗೆ ಇಂದು ಕೇಳಬೇಕೆನಿಸುತ್ತದೆ. ಇಂದು ಕೇಳಿದವನಿಗೆ ನಾಳೆ ಕೇಳದಿದ್ದರೆ ಏನೋ ತಪ್ಪಿಹೋಗುತ್ತದೆ ಎಂಬ ತಳಮಳ. 2021ರ ನಂತರದ ಸಂಚಾರದಲ್ಲಿ ಹಾಡುಗಳ ಪಟ್ಟಿ ರಾತ್ರಿಯಿಂದ ರಾತ್ರಿಗೆ ಬಹುಮಟ್ಟಿಗೆ ಒಂದೇ ಆಗಿದ್ದರೂ ಬೆನ್ನುಹತ್ತುವವರು ಕಡಿಮೆಯಾಗಲಿಲ್ಲ. ಪಟ್ಟಿಯಲ್ಲಿ ಸಿಗದ ಭೇದವನ್ನು ಅವರು ಒಂದು ಉಸಿರಿನಲ್ಲಿ, ಪಿಯಾನೋದ ಒಂದು ಸ್ವರದಲ್ಲಿ ಹುಡುಕತೊಡಗಿದರು. ಶ್ರೋತ್ರೇಂದ್ರಿಯದ ಸೂಕ್ಷ್ಮತೆ ಇಷ್ಟರಮಟ್ಟಿಗೆ ಬೆಳೆಯಬಲ್ಲದೆಂಬುದು ಆಶ್ಚರ್ಯಕರ. ಸ್ವಾಧ್ಯಾಯಕ್ಕೆ ಕುಳಿತವರಲ್ಲಿ ಎಷ್ಟು ಜನಕ್ಕೆ ಈ ಏಕಾಗ್ರತೆ ಇದೆ ಎಂದು ಕೇಳಿದರೆ ಅನೇಕ ಮಂದಿರಗಳಲ್ಲಿ ಉತ್ತರ ಹೇಳುವುದು ಕಷ್ಟವಾದೀತು.

ಈಗ 1966ರ ಮೇ 17ರ ರಾತ್ರಿಯನ್ನು ನೋಡಬೇಕು. ಅದಕ್ಕೆ ಮೂರು ವರ್ಷಗಳ ಹಿಂದೆ, 1963ರ ಆಗಸ್ಟ್ 28ರಂದು, ಕಪ್ಪುಜನರ ನಾಗರಿಕ ಹಕ್ಕುಗಳಿಗಾಗಿ ವಾಷಿಂಗ್ಟನ್ನಿನಲ್ಲಿ ನಡೆದ ಮಹಾಮೆರವಣಿಗೆಯಲ್ಲಿ ಡಿಲನ್ ಹಾಡಿದ್ದರು. ಕೈಯಲ್ಲೊಂದು ಮರದ ಗಿಟಾರ್, ಕೊರಳಲ್ಲೊಂದು ಬಾಯಿವಾದ್ಯ, ಅನ್ಯಾಯವನ್ನು ಪ್ರಶ್ನಿಸುವ ಹಾಡು. ಅಭಿಮಾನಿಗಳ ಮನಸ್ಸಿನಲ್ಲಿ ನಿಂತ ಚಿತ್ರ ಇದು. 1965ರ ಜುಲೈ 25ರಂದು ನ್ಯೂಪೋರ್ಟ್ ಜನಪದ ಸಂಗೀತೋತ್ಸವದಲ್ಲಿ ಅವರು ವಿದ್ಯುತ್ ಗಿಟಾರ್ ಹಿಡಿದು ಬಂದಾಗ ಕೂಗಾಟವೆದ್ದಿತು. ಮರುವರ್ಷ ಇಂಗ್ಲೆಂಡಿನಲ್ಲಿ ಹಾಡುವಾಗ ಕಚೇರಿಯ ಮೊದಲರ್ಧದಲ್ಲಿ ಒಬ್ಬರೇ ನಿಂತು ಹಳೆಯ ರೀತಿಯಲ್ಲಿ ಹಾಡುತ್ತಿದ್ದರು, ಎರಡನೆಯ ಅರ್ಧದಲ್ಲಿ ವಾದ್ಯವೃಂದದೊಡನೆ ಹೊಸ ರೀತಿಯಲ್ಲಿ. ಮೊದಲರ್ಧಕ್ಕೆ ಭಕ್ತಿಯ ನಿಶ್ಶಬ್ದ, ಎರಡನೆಯದಕ್ಕೆ ಧಿಕ್ಕಾರ. ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಆ ರಾತ್ರಿ ಸಭಿಕನೊಬ್ಬ ‘ಜೂದಾಸ್’ ಎಂದು ಗಟ್ಟಿಯಾಗಿ ಕೂಗಿದ.

ಜೂದಾಸನು ಕ್ರೈಸ್ತ ಪರಂಪರೆಯಲ್ಲಿ ತನ್ನ ಗುರುವನ್ನೇ ಹಿಡಿದುಕೊಟ್ಟ ಶಿಷ್ಯ. ಆ ಒಂದು ಶಬ್ದದಲ್ಲಿ ಕೂಗಿದವನಿಗೇ ಅರಿವಾಗದ ಸತ್ಯವೊಂದು ಹೊರಬಿದ್ದಿತು. ಗಾಯಕ ಜೂದಾಸನಾದರೆ ಗುರು ಯಾರು? ಯಾರಿಗೆ ದ್ರೋಹವಾಯಿತು? ಸಭಿಕರಿಗೆ. ಅಲ್ಲಿಯವರೆಗೆ ತಾವು ಅನುಯಾಯಿಗಳೆಂದು ತಿಳಿದಿದ್ದವರು ವಾಸ್ತವವಾಗಿ ತಮ್ಮನ್ನು ಗುರುಸ್ಥಾನದಲ್ಲಿ ಕೂರಿಸಿಕೊಂಡಿದ್ದರು. ಗಾಯಕ ತಮ್ಮನ್ನು ಅನುಸರಿಸಬೇಕೆಂಬುದು ಅವರ ಒಳಗಿನ ಅಪೇಕ್ಷೆಯಾಗಿತ್ತು. ರಾಗ-ದ್ವೇಷಗಳನ್ನು ಜೈನಶಾಸ್ತ್ರ ಸದಾ ಜೋಡಿಯಾಗಿ ಹೇಳುವುದರ ಕಾರಣವನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಎರಡನ್ನೂ ಹುಟ್ಟಿಸುವುದು ಮೋಹನೀಯವೆಂಬ ಒಂದೇ ಕರ್ಮ. ಮೊದಲರ್ಧದಲ್ಲಿ ಚಪ್ಪಾಳೆ ತಟ್ಟಿದ ಕೈಗಳೇ ಎರಡನೆಯ ಅರ್ಧದಲ್ಲಿ ಮುಷ್ಟಿಯಾದವು. ನಡುವೆ ಕಳೆದದ್ದು ಸ್ವಲ್ಪ ಹೊತ್ತಿನ ವಿರಾಮವಷ್ಟೆ. 1979ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ರಂಗಮಂದಿರದಲ್ಲಿ ಡಿಲನ್ 14 ರಾತ್ರಿ ಕೇವಲ ಹೊಸ ಕ್ರೈಸ್ತ ಭಕ್ತಿಗೀತೆಗಳನ್ನೇ ಹಾಡಿದಾಗಲೂ ಇದೇ ಮರುಕಳಿಸಿತು. ಜನ ಹಳೆಯ ಹಾಡುಗಳನ್ನು ಕೇಳಿದರು, ಅವರು ಕೊಡಲಿಲ್ಲ. ದ್ವೇಷ ಇನ್ನೂ ಮುಂದೆ ಹೋಗಿ ಹಿಂಸೆಯಾಗಬಲ್ಲದು ಎಂಬುದಕ್ಕೆ 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ನಡೆದ ಜಾನ್ ಲೆನನ್ ಹತ್ಯೆ ಸಾಕ್ಷಿ. ಕೊಂದವನು ಕೆಲವೇ ಗಂಟೆಗಳ ಹಿಂದೆ ಅದೇ ಗಾಯಕನಿಂದ ಧ್ವನಿಮುದ್ರಿಕೆಯ ಮೇಲೆ ಹಸ್ತಾಕ್ಷರ ಪಡೆದಿದ್ದ.

ಇಂಥ ವಿಪರೀತಗಳನ್ನು ಬಿಟ್ಟು ಸಾಮಾನ್ಯ ಅಭಿಮಾನಿಯನ್ನೇ ಗಮನಿಸಿದರೆ ಪರಿಗ್ರಹದ ಪ್ರಶ್ನೆ ಏಳುತ್ತದೆ. ಭೋಗ ಮತ್ತು ಉಪಭೋಗಗಳನ್ನು ಶ್ರಾವಕಾಚಾರ ಗ್ರಂಥಗಳು ಬೇರೆಬೇರೆಯಾಗಿ ಹೇಳುತ್ತವೆ: ಒಮ್ಮೆ ಅನುಭವಿಸಿ ಮುಗಿಯುವ ಅನ್ನಾದಿಗಳು ಭೋಗ, ಮತ್ತೆಮತ್ತೆ ಅನುಭವಿಸಬಹುದಾದ ವಸ್ತ್ರಾದಿಗಳು ಉಪಭೋಗ. ಕಚೇರಿಯಲ್ಲಿ ಕೇಳಿದ ಹಾಡು ಭೋಗ. ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿ ಅಳಿಯುತ್ತದೆ. ಅದನ್ನು ಉಪಭೋಗವಾಗಿ ಮಾರ್ಪಡಿಸುವ ಹಂಬಲದಿಂದಲೇ ಧ್ವನಿಗ್ರಹಣ ಯಂತ್ರಗಳನ್ನು ಬಟ್ಟೆಯೊಳಗೆ ಅಡಗಿಸಿಕೊಂಡು ಸಭೆಗೆ ಹೋಗುವ ಪದ್ಧತಿ ಬೆಳೆಯಿತು. ಡಿಲನ್‌ರ ಅನಧಿಕೃತ ಧ್ವನಿಮುದ್ರಿಕೆಗಳ ವ್ಯಾಪಾರ 1969ರಷ್ಟು ಹಿಂದೆಯೇ ಆರಂಭವಾಗಿತ್ತು. ಹಣ ಮುಟ್ಟದೆ ಕೇವಲ ವಿನಿಮಯ ಮಾಡಿಕೊಳ್ಳುತ್ತಿದ್ದ ಸಂಗ್ರಾಹಕರು ತಮ್ಮನ್ನು ಆ ವ್ಯಾಪಾರಿಗಳಿಂದ ಪ್ರತ್ಯೇಕಿಸಿಕೊಂಡರು. ಅವರ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು. ಆದರೆ ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಅದರ ಬೆಲೆ ಹಣದಲ್ಲಿದೆಯೋ ಪ್ರೀತಿಯಲ್ಲಿದೆಯೋ ಎಂಬುದರಿಂದ ಅಚೌರ್ಯಾಣುವ್ರತದ ಲೆಕ್ಕ ಬದಲಾಗುವುದಿಲ್ಲ.

ಮ್ಯಾಂಚೆಸ್ಟರಿನ ಆ ಕಚೇರಿಯ ಅನಧಿಕೃತ ಮುದ್ರಿಕೆಯದೇ ಒಂದು ಸ್ವಾರಸ್ಯವಿದೆ. ಅದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನದೆಂಬ ತಪ್ಪು ಹೆಸರಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. 1998ರಲ್ಲಿ ಅಧಿಕೃತವಾಗಿ ಪ್ರಕಟವಾದಾಗ ಅದರ ನಿಜವಾದ ಸ್ಥಳ ಎಲ್ಲರಿಗೂ ತಿಳಿಯಿತಾದರೂ, ಹಳೆಯ ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಉಳಿಸಿಕೊಳ್ಳಲಾಯಿತು. ವರ್ಷಗಟ್ಟಲೆ ಜನ ‘ನನ್ನದು’ ಎಂದು ಕಾಪಾಡಿಕೊಂಡದ್ದು ತಾವು ತಿಳಿದ ವಸ್ತುವೇ ಆಗಿರಲಿಲ್ಲ. ಪರವಸ್ತುವಿನಲ್ಲಿ ಮಮಕಾರದ ಸ್ವರೂಪವೇ ಹಾಗೆ.

ಯಾವ ಮುದ್ರಿಕೆಯನ್ನೂ ಇಟ್ಟುಕೊಳ್ಳದೆ ಕೇವಲ ಕೇಳಲು ಹೋಗುವವನಿಗೆ ಪರಿಗ್ರಹದೋಷವಿಲ್ಲವೇ ಎಂದು ಕೇಳಬಹುದು. ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ವಸ್ತುಗಳ ಸಂಖ್ಯೆಯಿಂದ ಅಳೆಯದೆ ಮೂರ್ಛೆಯಿಂದ ಅಳೆದರು ಎಂಬುದನ್ನು ಇಲ್ಲಿ ನೆನೆಯಬೇಕು. ಹತ್ತು ಬಾಹ್ಯ ಪರಿಗ್ರಹಗಳಿಗೆ ಎದುರಾಗಿ ಹದಿನಾಲ್ಕು ಅಂತರಂಗ ಪರಿಗ್ರಹಗಳನ್ನು ಹೇಳಿರುವುದು ಸಂಖ್ಯಾವಿಲಾಸಕ್ಕಾಗಿ ಅಲ್ಲ. ಮಿಥ್ಯಾತ್ವ ಒಂದು, ಕಷಾಯಗಳು ನಾಲ್ಕು, ನೋಕಷಾಯಗಳು ಒಂಬತ್ತು. ಆ ಒಂಬತ್ತರಲ್ಲಿ ‘ರತಿ’ ಒಂದು, ಅದರ ಮಗ್ಗುಲಲ್ಲೇ ‘ಅರತಿ’ ಇನ್ನೊಂದು. ಬೇಕೆಂಬ ಎಳೆತ, ಬೇಡವೆಂಬ ಹಿಂಜರಿತ. ಹಾಗಾಗಿ ಬರಿಗೈಯಲ್ಲಿ ಊರೂರು ಅಲೆಯುವ ಅಭಿಮಾನಿಯೂ ಒಂದು ಭಾರವನ್ನು ಹೊತ್ತೇ ಅಲೆಯುತ್ತಾನೆ. ಆ ಭಾರ ಯಾವ ಮಟ್ಟಕ್ಕೆ ಇಳಿಯಬಲ್ಲದೆಂದರೆ, 1970ರ ದಶಕದ ಆರಂಭದಲ್ಲಿ ಒಬ್ಬ ಅಭಿಮಾನಿ ನ್ಯೂಯಾರ್ಕಿನಲ್ಲಿ ಡಿಲನ್ ಮನೆಯ ಕಸದ ತೊಟ್ಟಿಯನ್ನು ಕೆದಕಿ ಅದರಲ್ಲಿ ಹಾಡುಗಳ ಅರ್ಥವನ್ನು ಹುಡುಕುತ್ತಿದ್ದ. ಅದಕ್ಕೂ ಮೊದಲು ವುಡ್‌ಸ್ಟಾಕ್ ಗ್ರಾಮದಲ್ಲಿ ಹೆಂಡತಿ ಮಕ್ಕಳೊಡನೆ ಶಾಂತವಾಗಿರಬೇಕೆಂದು ನೆಲೆಸಿದ್ದವರನ್ನು ಹೇಳದೆ ಕೇಳದೆ ಮನೆಗೆ ನುಗ್ಗುವ ಜನ ಅಲ್ಲಿಂದ ಎಬ್ಬಿಸಿದರೆಂಬುದನ್ನು ಡಿಲನ್ 2004ರ ತಮ್ಮ ಆತ್ಮಕಥನದಲ್ಲಿ ನೋವಿನಿಂದ ಬರೆದಿದ್ದಾರೆ. ಪ್ರೀತಿಯ ಹೆಸರಿನಲ್ಲಿ ಮತ್ತೊಂದು ಜೀವದ ಶಾಂತಿಯನ್ನು ಕದಡುವುದು ಹಿಂಸೆಯೇ. ಭಾವಹಿಂಸೆಗೆ ಆಯುಧ ಬೇಕಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಈ ಅಲೆದಾಟದಲ್ಲಿ ಗುಣಗಳೂ ಕಾಣುತ್ತವೆ. ಟೇಲರ್ ಸ್ವಿಫ್ಟ್ ಅವರ ಸಂಚಾರ 2023ರ ಮಾರ್ಚ್ 17ರಂದು ಅಮೆರಿಕದ ಗ್ಲೆಂಡೇಲಿನಲ್ಲಿ ಆರಂಭವಾಗಿ 2024ರ ಡಿಸೆಂಬರ್ 8ರಂದು ಕೆನಡಾದ ವ್ಯಾಂಕೂವರಿನಲ್ಲಿ ಮುಗಿಯಿತು. ಐದು ಖಂಡಗಳಲ್ಲಿ 149 ಕಚೇರಿಗಳು, ಒಂದು ಕೋಟಿಗೂ ಮೀರಿದ ಟಿಕೆಟುಗಳು, 200 ಕೋಟಿ ಡಾಲರಿಗೂ ಮೀರಿದ ಆದಾಯ. ಅಲ್ಲಿಗೆ ಬಂದವರು ಮಣಿಗಳನ್ನು ಪೋಣಿಸಿದ ಕೈಬಳೆಗಳನ್ನು ಮನೆಯಲ್ಲೇ ಮಾಡಿ ತಂದು, ಅಪರಿಚಿತರಿಗೆ ಕೊಟ್ಟು, ಅವರಿಂದ ಪಡೆದು ಸ್ನೇಹ ಬೆಳೆಸುತ್ತಿದ್ದರು. 2024ರ ಆಗಸ್ಟಿನಲ್ಲಿ ಭಯೋತ್ಪಾದನೆಯ ಸಂಚು ಬಯಲಾಗಿ ವಿಯೆನ್ನಾದ ಮೂರು ಕಚೇರಿಗಳು ರದ್ದಾದಾಗ, ದೂರದಿಂದ ಬಂದಿದ್ದ ಸಾವಿರಾರು ಜನ ಗಲಭೆಗಿಳಿಯದೆ ಬೀದಿಗಳಲ್ಲಿ ಸೇರಿ ತಾವೇ ಹಾಡಿಕೊಂಡರು, ಬಳೆಗಳನ್ನು ಹಂಚಿಕೊಂಡರು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ವಾತ್ಸಲ್ಯವೂ ಒಂದೆಂಬುದನ್ನು ಬಲ್ಲವರಿಗೆ ಈ ದೃಶ್ಯ ಪರಿಚಿತವೆನಿಸಬೇಕು. ಧರ್ಮಶಾಲೆಯಲ್ಲಿ ಚಾಪೆಗಾಗಿ ಜಗಳವಾಡಿದ ಯಾತ್ರಿಕರನ್ನು ಕಂಡವರಿಗಂತೂ ಸ್ವಲ್ಪ ನಾಚಿಕೆಯೂ ಆಗಬಹುದು.

ಸಹನೆಯ ವಿಷಯವೂ ಹಾಗೆಯೇ. ಮುಂದಿನ ಸಾಲಿನ ಸ್ಥಳಕ್ಕಾಗಿ ಚಳಿಯಲ್ಲಿ ರಾತ್ರಿಯಿಡೀ ಕಾಯುವುದು, ಹಸಿವು ಬಾಯಾರಿಕೆಗಳನ್ನು ತಡೆದುಕೊಳ್ಳುವುದು, ನಿದ್ದೆಗೆಡುವುದು, ಇವು ಪರೀಷಹಗಳ ಪಟ್ಟಿಯಲ್ಲಿರುವ ಕಷ್ಟಗಳೇ. 2023ರ ನವೆಂಬರ್ 17ರಂದು ಬ್ರೆಜಿಲಿನ ರಿಯೊ ನಗರದಲ್ಲಿ ತೀವ್ರ ಬಿಸಿಲ ಬೇಗೆಯ ನಡುವೆ ನಡೆದ ಇದೇ ಸಂಚಾರದ ಕಚೇರಿಯಲ್ಲಿ ಯುವ ಅಭಿಮಾನಿಯೊಬ್ಬಳು ಕುಸಿದು ಪ್ರಾಣಬಿಟ್ಟಳು. ಆ ಕುಟುಂಬದ ದುಃಖದ ಮುಂದೆ ತರ್ಕ ನಿಲ್ಲದು. ಆದರೂ ಶಾಸ್ತ್ರ ಒಂದು ಭೇದವನ್ನು ಮಾಡಿದೆ: ಕಷ್ಟ ಸಹಿಸಿದ ಮಾತ್ರಕ್ಕೆ ಅದು ನಿರ್ಜರೆಗೆ ಕಾರಣವಾಗುವುದಿಲ್ಲ. ಅರಿವಿಲ್ಲದೆ ದೇಹ ದಂಡಿಸುವುದನ್ನು ಬಾಲತಪವೆಂದು ಕರೆದಿದ್ದಾರೆ. ಅಲ್ಲಿ ಶ್ರಮ ದೊಡ್ಡದು, ಫಲ ಸಣ್ಣದು. ಅಭಿಮಾನಿ ಸಹಿಸುವ ಚಳಿ ರತಿಯನ್ನು ಕರಗಿಸುವುದಿಲ್ಲ, ಇನ್ನಷ್ಟು ಗಟ್ಟಿಮಾಡುತ್ತದೆ. ಇಷ್ಟು ಕಷ್ಟಪಟ್ಟಿದ್ದೇನೆ, ಆದ್ದರಿಂದ ಇದು ಅಮೂಲ್ಯ ಎಂಬ ಹೊಸ ಗಂಟೊಂದು ಬೀಳುತ್ತದೆ.

ಇಲ್ಲಿಗೆ ಬಂದಾಗ ವಿಚಾರ ತನ್ನಷ್ಟಕ್ಕೆ ಬಸದಿಯ ಬಾಗಿಲಿಗೆ ತಿರುಗುತ್ತದೆ. ಶ್ರವಣಬೆಳಗೊಳದಲ್ಲಿ 1981, 1993, 2006, 2018ರಲ್ಲಿ ಮಹಾಮಸ್ತಕಾಭಿಷೇಕಗಳು ನಡೆದವು. ನಾಲ್ಕನ್ನೂ ಕಂಡೆನೆಂದು ಹೇಳಿಕೊಳ್ಳುವ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಹೇಳಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಮಾತಿನ ಧಾಟಿ ಕೆಲವೊಮ್ಮೆ ಡಿಲನ್‌ರ ನೂರನೆಯ ಕಚೇರಿಯನ್ನು ಕೇಳಿ ಬಂದವನ ಧಾಟಿಗೆ ತೀರ ಹತ್ತಿರವಾಗಿರುತ್ತದೆ. ಯಾವ ಅಟ್ಟಣಿಗೆಯ ಮೇಲೆ ಜಾಗ ಸಿಕ್ಕಿತು, ಎಷ್ಟನೆಯ ಕಲಶ ದೊರೆಯಿತು ಎಂಬ ವಿವರಗಳು ನೆನಪಿರುತ್ತವೆ. ಎಲ್ಲವನ್ನೂ ಗೆದ್ದು ಎಲ್ಲವನ್ನೂ ಬಿಟ್ಟವನ ಮುಂದೆ ನಿಂತಿದ್ದೆವೆಂಬುದು ಹಿನ್ನೆಲೆಗೆ ಸರಿದಿರುತ್ತದೆ. ಮುನಿಸಂಘದ ವಿಹಾರದಲ್ಲಿ ಜೊತೆಗೂಡಿ ನಡೆಯುವ ಶ್ರಾವಕರಲ್ಲಿ ನಿಜವಾದ ವೈಯಾವೃತ್ಯದ ಭಾವ ಹೊಂದಿದವರು ಬಹಳ. ‘ನಮ್ಮ ಮಹಾರಾಜರು’ ಎಂದು ಪಕ್ಷ ಕಟ್ಟಿ, ಬೇರೊಂದು ಸಂಘ ಊರಿಗೆ ಬಂದಾಗ ಬಾಗಿಲಿಗೂ ಬಾರದವರೂ ಇದ್ದಾರೆ. ಚಾತುರ್ಮಾಸಕ್ಕೆ ಯಾರನ್ನು ಆಹ್ವಾನಿಸಬೇಕೆಂಬ ವಿಷಯದಲ್ಲಿ ಟ್ರಸ್ಟುಗಳು ಇಬ್ಭಾಗವಾದದ್ದುಂಟು. ತಮಗೆ ಪ್ರಿಯವಾದ ವಿಷಯ ಬಿಟ್ಟು ಕಟುವಾದ ಆಚಾರಧರ್ಮವನ್ನು ಮುನಿಗಳು ಉಪದೇಶಿಸಿದ ದಿನ ಸಭೆ ತೆಳುವಾಗುವುದನ್ನೂ ಕಾಣಬಹುದು. ಮ್ಯಾಂಚೆಸ್ಟರಿನ ಕೂಗು ಅಲ್ಲಿ ಏಳುವುದಿಲ್ಲ. ಜನ ಮೆಲ್ಲಗೆ ಎದ್ದು ಹೋಗುತ್ತಾರೆ, ಅಷ್ಟೆ.

ಗಾಯಕನ ಮೇಲಿನ ಮೋಹ ಅಪ್ರಶಸ್ತ ರಾಗ, ದೇವ-ಗುರು-ಶಾಸ್ತ್ರಗಳ ಮೇಲಿನದು ಪ್ರಶಸ್ತ ರಾಗ ಎಂಬ ಸಮಾಧಾನವನ್ನು ಇಲ್ಲಿ ಹೇಳುವವರುಂಟು. ಭೇದ ಸತ್ಯವಾದುದೇ. ಒಂದರಿಂದ ಪಾಪಾಸ್ರವ, ಮತ್ತೊಂದರಿಂದ ಪುಣ್ಯಾಸ್ರವ. ಆದರೆ ಎರಡೂ ಆಸ್ರವವೇ ಎಂಬ ಮುಂದಿನ ಮಾತನ್ನು ಕುಂದಕುಂದರ ಪರಂಪರೆಯಲ್ಲಿ ಬಂದವರು ಬಿಟ್ಟುಬಿಡುವಂತಿಲ್ಲ. ಇಂದ್ರಭೂತಿ ಗೌತಮರಿಗಿಂತ ಹತ್ತಿರದ ಅನುಯಾಯಿ ಭಗವಾನ್ ಮಹಾವೀರರಿಗೆ ಮತ್ತೊಬ್ಬರಿರಲಿಲ್ಲ. ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ದಿನವೇ ಗೌತಮರಿಗೆ ಕೇವಲಜ್ಞಾನವಾಯಿತೆಂಬುದನ್ನು ಎರಡೂ ಸಂಪ್ರದಾಯಗಳು ಒಪ್ಪುತ್ತವೆ. ಅಲ್ಲಿಯವರೆಗೆ ಏಕೆ ಆಗಲಿಲ್ಲ ಎಂಬುದಕ್ಕೆ ಶ್ವೇತಾಂಬರ ಪರಂಪರೆ ಕೊಡುವ ಕಾರಣ ಎದೆ ತಟ್ಟುವಂಥದು: ಗೌತಮರಿಗೆ ಮಹಾವೀರರ ಮೇಲಿದ್ದ ಸ್ನೇಹವೇ ಅಡ್ಡಿಯಾಗಿತ್ತು. ಸರ್ವಜ್ಞನಾದ ಗುರು, ಗಣಧರನಾದ ಶಿಷ್ಯ, ಅತ್ಯಂತ ಶುಭ್ರವಾದ ಅನುರಾಗ. ಆದರೂ ಅದು ಅನುರಾಗ.

ಹಾಗಾದರೆ ಅಭಿಮಾನಿಗೂ ಭಕ್ತನಿಗೂ ಭೇದವೇ ಇಲ್ಲವೆಂದಾಯಿತೇ? ಭೇದವಿದೆ, ಮತ್ತು ಅದು ಹಿಂಬಾಲಿಸಲ್ಪಡುವವನ ಸ್ವಭಾವದಲ್ಲಿದೆ. ವೀತರಾಗನಿಗೆ ಪೂಜೆಯಿಂದ ಸಂತೋಷವಿಲ್ಲ, ನಿಂದೆಯಿಂದ ಕೋಪವಿಲ್ಲ. ಅವನಿಂದ ಏನನ್ನು ಬೇಡಿದರೂ ಅವನು ಕೊಡುವುದಿಲ್ಲ. ಜಿನಬಿಂಬದ ಮುಂದೆ ವರ್ಷಗಟ್ಟಲೆ ನಿಂತವನಿಗೆ ಎದುರಿನಿಂದ ಒಂದು ಮುಗುಳ್ನಗೆಯೂ ಹೆಚ್ಚಾಗಿ ಸಿಗದು. ಬೇಡಿಕೆ ಹಾಗೇ ಒಣಗಿ, ಆ ಗುಣಗಳು ತನ್ನಲ್ಲೂ ಇವೆಯೇ ಎಂದು ನೋಡಿಕೊಳ್ಳುವತ್ತ ದೃಷ್ಟಿ ತಿರುಗಬೇಕೆಂಬುದೇ ದರ್ಶನವಿಧಿಯ ಉದ್ದೇಶ. ಗಾಯಕನಾದರೋ ಸ್ವತಃ ಸಂಸಾರಿ. ಚಪ್ಪಾಳೆಯೂ ಧಿಕ್ಕಾರವೂ ಅವನನ್ನು ತಾಕುತ್ತವೆ. ಅವನ ಹಾಡು ಎಷ್ಟೇ ಉದಾತ್ತವಾಗಿರಲಿ, ಅದು ರಾಗದಿಂದ ಹುಟ್ಟಿ ರಾಗವನ್ನು ಹುಟ್ಟಿಸುತ್ತದೆ.

ಆದರೂ ಡಿಲನ್ ತಮ್ಮದೇ ರೀತಿಯಲ್ಲಿ ಹಿಂಬಾಲಕರ ಕೈಗೆ ಸಿಗಲು ನಿರಾಕರಿಸುತ್ತ ಬಂದರೆಂಬುದು ಗಮನಾರ್ಹ. 2019ರ ಏಪ್ರಿಲಿನಲ್ಲಿ ವಿಯೆನ್ನಾದ ಸಭೆಯಲ್ಲಿ ಜನ ಚಿತ್ರ ತೆಗೆಯುತ್ತಲೇ ಇದ್ದಾಗ ಅವರು ಹಾಡು ನಿಲ್ಲಿಸಿ, ತಾವು ಹಾಡಬೇಕೋ ಚಿತ್ರಕ್ಕೆ ನಿಲ್ಲಬೇಕೋ ಎಂಬರ್ಥದ ಮಾತನಾಡಿದರು. 2021ರ ನಂತರದ ಕಚೇರಿಗಳಲ್ಲಿ ಸಭಿಕರ ಫೋನುಗಳನ್ನು ಬೀಗವಿರುವ ಚೀಲಗಳಲ್ಲಿ ಹಾಕಿಸಿ, ಹೊರಹೋಗುವಾಗ ತೆರೆದುಕೊಡುವ ವ್ಯವಸ್ಥೆ ಬಂದಿತು. ಕೇಳಿ, ಆದರೆ ಹಿಡಿದಿಟ್ಟುಕೊಳ್ಳಬೇಡಿ ಎಂಬ ನಿಯಮ. ಇದು ವೈರಾಗ್ಯವಲ್ಲ, ಕಲಾವಿದನ ಹಠವಿರಬಹುದು. ಆದರೆ ಹಾಡನ್ನು ಪುನಃ ಭೋಗದ ಎಲ್ಲೆಯೊಳಗೆ ತಂದು ನಿಲ್ಲಿಸಿದ್ದಂತೂ ಹೌದು.

ಪಂಪನ ‘ಆದಿಪುರಾಣ’ವನ್ನು ಓದಿದವರಿಗೆ ಇಲ್ಲಿ ನೀಲಾಂಜನೆ ನೆನಪಾಗದೆ ಇರಳು. ಆಯುಷ್ಯ ಮುಗಿಯುತ್ತ ಬಂದ ಆ ಅಪ್ಸರೆಯನ್ನು ಇಂದ್ರ ವೃಷಭದೇವನ ಆಸ್ಥಾನದಲ್ಲಿ ನರ್ತಿಸಲು ಕಳುಹಿಸುತ್ತಾನೆ. ನರ್ತನದ ನಡುವೆಯೇ ಆಕೆ ಮಿಂಚಿನಂತೆ ಅಳಿದುಹೋಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಅದೇ ಕ್ಷಣದಲ್ಲಿ ಅದೇ ರೂಪದ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ತುಂಬಿದ ಸಭೆ ನೋಡುತ್ತಲೇ ಇರುತ್ತದೆ. ವ್ಯತ್ಯಾಸ ತಿಳಿದದ್ದು ಒಬ್ಬನಿಗೆ. ಡಿಲನ್‌ರ ಅಭಿಮಾನಿಗಳಿಗೆ ಆ ಸಭೆಗಿಂತ ಚುರುಕಾದ ಕಿವಿಯಿದೆ ಎಂಬುದನ್ನು ಒಪ್ಪಬೇಕು. ನಿನ್ನೆಯ ಹಾಡು ಇಂದಿಲ್ಲವೆಂಬುದು ಅವರಿಗೆ ನಿಚ್ಚಳವಾಗಿ ತಿಳಿಯುತ್ತದೆ. ವೃಷಭದೇವನಿಗೆ ಆ ಅರಿವಿನಿಂದ ವನದ ಹಾದಿ ಕಂಡಿತು, ಇವರಿಗೆ ಮುಂದಿನ ಊರಿನ ಟಿಕೆಟ್ ಕಾಣುತ್ತದೆ. ಅನಿತ್ಯಾನುಪ್ರೇಕ್ಷೆಯ ಹೊಸ್ತಿಲವರೆಗೆ ಬಂದು ಹಿಂದಿರುಗುವ ಈ ಹೆಜ್ಜೆ ಅಭಿಮಾನಿಯ ದುರಂತ. ಬಸದಿಯಲ್ಲಿ ಪ್ರತಿವರ್ಷ ಪಂಚಕಲ್ಯಾಣದ ರೂಪಕದಲ್ಲಿ ನೀಲಾಂಜನೆಯ ನೃತ್ಯವನ್ನು ನೋಡಿ, ನರ್ತಿಸಿದ ಹುಡುಗಿಯ ವೇಷಭೂಷಣವನ್ನು ಮೆಚ್ಚಿ ಮನೆಗೆ ಮರಳುವವರದು ಇನ್ನೇನು?

ಇನ್ನು ಗೃಹಸ್ಥರ ವ್ಯಾವಹಾರಿಕ ಪ್ರಶ್ನೆ. ಮಗನೋ ಮಗಳೋ ಇಂಥ ಸಂಚಾರದ ಬೆನ್ನುಹತ್ತಲು ಬಯಸಿದಾಗ ಏನು ಹೇಳಬೇಕು? ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಗುಣವ್ರತಗಳಲ್ಲಿ ಮೊದಲನೆಯದಾಗಿ ದಿಗ್ವ್ರತವನ್ನು ಹೇಳುತ್ತದೆ. ಹತ್ತು ದಿಕ್ಕುಗಳಲ್ಲಿಯೂ ಸಮುದ್ರ, ನದಿ, ಅರಣ್ಯ, ಪರ್ವತ, ಜನಪದಗಳನ್ನು ಗುರುತಾಗಿಟ್ಟು ಇದರಾಚೆ ಹೋಗೆನೆಂದು ಎಲ್ಲೆ ಕಟ್ಟಿಕೊಳ್ಳುವ ವ್ರತ ಅದು. ಆ ಎಲ್ಲೆಯ ಆಚೆಗೆ ಸೂಕ್ಷ್ಮಪಾಪವೂ ನಿಲ್ಲುವುದರಿಂದ ಅಷ್ಟರಮಟ್ಟಿಗೆ ಅಣುವ್ರತವೇ ಮಹಾವ್ರತದಂತಾಗುತ್ತದೆಂಬುದು ಅದರ ಯುಕ್ತಿ. ಮಕ್ಕಳು ಮೂರು ಖಂಡಗಳಲ್ಲಿ ನೌಕರಿ ಮಾಡುವ ಕಾಲದಲ್ಲಿ ಈ ವ್ರತ ಅಪ್ರಸ್ತುತವೆಂದು ತಿಳಿದವರಿದ್ದಾರೆ. ವಿಮಾನ ಏರುವುದು ಸುಲಭವಾದಷ್ಟೂ ಅದರ ಪ್ರಸ್ತುತತೆ ಹೆಚ್ಚಾಗಿದೆ ಎನ್ನುವುದೇ ಸರಿ. ಅದರ ಐದು ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಒಂದು: ಕಟ್ಟಿಕೊಂಡ ಎಲ್ಲೆಯನ್ನು ಲೋಭದಿಂದ ಮೆಲ್ಲಗೆ ಹಿಗ್ಗಿಸುವುದು. ಸಂಚಾರದ ಎರಡು ಊರುಗಳಿಗೆ ಮಾತ್ರ ಹೋಗುವೆನೆಂದು ಹೊರಟವನು ಮೂರನೆಯದು ಹತ್ತಿರದಲ್ಲೇ ಇದೆಯಲ್ಲ ಎಂದುಕೊಂಡಾಗ ನಡೆಯುವುದು ಅಕ್ಷರಶಃ ಇದೇ. ಸ್ಮೃತ್ಯಂತರಾಧಾನ ಮತ್ತೊಂದು: ಎಲ್ಲೆ ಎಲ್ಲಿತ್ತೆಂಬುದನ್ನೇ ಮರೆತುಬಿಡುವುದು. ಅದಕ್ಕೆ ಉದಾಹರಣೆ ಬೇಕಿಲ್ಲ.

ಆದ್ದರಿಂದ ಒಂದು ಕಚೇರಿಗೆ ಹೋಗಿಬರುವುದನ್ನೇ ನಿಷೇಧಿಸುವುದು ವಿವೇಕವಲ್ಲ. ಹಾಗೆ ನಿಷೇಧಿಸಿದ ಮನೆಗಳಲ್ಲಿ ಸುಳ್ಳು ಎಂಬ ಎರಡನೆಯ ಪಾಪ ಮೊದಲನೆಯದರ ಜೊತೆಗೂಡುತ್ತದೆ. ಕೇಳಬೇಕಾದುದು ಎಷ್ಟು, ಎಲ್ಲಿಯವರೆಗೆ, ಯಾವ ಹಣದಿಂದ ಎಂಬುದನ್ನು. ವ್ರತವನ್ನು ಒಬ್ಬರ ಪರವಾಗಿ ಮತ್ತೊಬ್ಬರು ತೆಗೆದುಕೊಳ್ಳಲು ಬರುವುದಿಲ್ಲವಾದ್ದರಿಂದ ಎಲ್ಲೆಯನ್ನು ಕಟ್ಟಿಕೊಳ್ಳಬೇಕಾದವರು ಆ ಯುವಕ ಯುವತಿಯರೇ. ವಿದ್ಯಾರ್ಥಿನಿಲಯಗಳನ್ನು ನಡೆಸುವ ಟ್ರಸ್ಟುಗಳು ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ ಸಿನಿಮಾ ಸಂಗೀತಗಳ ನಿಂದೆಗೆ ಕೊಡುವ ಕಾಲದ ಅರ್ಧವನ್ನಾದರೂ ದಿಗ್ವ್ರತ ಮತ್ತು ಭೋಗೋಪಭೋಗ ಪರಿಮಾಣದ ವಿವರಣೆಗೆ ಕೊಟ್ಟರೆ, ಕೇಳುವವರಿಗೆ ತಮ್ಮ ಬಾಳಿಗೆ ಸಂಬಂಧಿಸಿದ್ದೇನನ್ನೋ ಕೇಳಿದಂತಾದೀತು. ಮನೆಯಲ್ಲಾದರೆ ತಂದೆಯೂ ಮಗನೂ ಒಟ್ಟಿಗೆ ಕುಳಿತು ಒಂದು ವರ್ಷದ ಪಟ್ಟಿ ಬರೆಯಬಹುದು. ಮಗ ತಾನು ಹೋಗಲಿರುವ ಕಚೇರಿಗಳನ್ನು ಬರೆಯಲಿ. ತಂದೆ ತಾನು ಹೋಗಲಿರುವ ಪ್ರತಿಷ್ಠೆ, ಅಭಿಷೇಕ, ಮದುವೆ, ಸನ್ಮಾನ ಸಮಾರಂಭಗಳನ್ನು ಬರೆಯಲಿ. ಯಾವುದನ್ನು ಹೊಡೆದುಹಾಕಬೇಕೆಂಬ ಮಾತು ಆಮೇಲೆ ಬರಲಿ, ಮತ್ತು ಮೊದಲ ಗೆರೆಯನ್ನು ತಂದೆ ಎಳೆಯಲಿ.